ಕೋಡಿ ಎತ್ತರಿಸುವ ಮೊದಲು ಕೆಳಗಿನ ಊರಿಗೆ ಹೋಗಿ ಬನ್ನಿ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯ. ಒಂದು ಕಂಪನಿಯ ನೆರವಿನಿಂದ ನಮ್ಮೂರ ಕೆರೆಯ ಹೂಳು ತೆಗೆಸಿದೆವು. ಗದ್ದೆಗೆ ನೀರು ಬಿಡುವ ಹಳೇ ತೂಬು ಕಿತ್ತು ಕಬ್ಬಿಣದ ಗೇಟ್ ಕೂರಿಸಿದೆವು. ನೀರು ಜಾಸ್ತಿ ನಿಲ್ಲಲಿ ಅಂತ, ಕೆರೆ ತುಂಬಿದಾಗ ನೀರು ಹೊರಗೆ ಹರಿಯುವ ಕೋಡಿಯನ್ನು ಒಂದೂವರೆ ಅಡಿ ಎತ್ತರಿಸಿದೆವು. ಕಳೆದ ವರ್ಷ ಕೆರೆ ತುಂಬುವ ಹೊತ್ತಿಗೆ ಕೆಳಗಿನ ಊರಿನವರು ರಾತ್ರೋರಾತ್ರಿ ಬಂದು ಕೋಡಿ ಒಡೆದುಬಿಟ್ಟರು. ಗೇಟ್ ಯಾವಾಗ ತೆಗೆಯಬೇಕು ಅಂತ ನಮ್ಮೂರಲ್ಲೇ ಎರಡು ಗುಂಪಾಗಿದೆ. ನಿವೃತ್ತ ಎಂಜಿನಿಯರ್ ಒಬ್ಬರು 'ಜನರ ಸಂಸ್ಕೃತಿ ತಿಳಿಯದೆ ಕೆಲಸ ಮಾಡಿದ್ದೀರಿ' ಅಂದರು. ನೀರಿನ ಲೆಕ್ಕಕ್ಕೂ ಸಂಸ್ಕೃತಿಗೂ ಏನು ಸಂಬಂಧ? ಪೂಜೆ, ಹಬ್ಬ ಮಾಡಿದರೆ ಕೆರೆ ಉಳಿಯುತ್ತದೆಯೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಒಂದೂವರೆ ಅಡಿಯ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಸೀಮೆಯಲ್ಲಿ ಕೋಡಿ ಬಿದ್ದ ನೀರು ಸುಮ್ನೆ ಎಲ್ಲೋ ಹರಿದು ಹೋಗುವುದಿಲ್ಲ. ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ಈ ನೆಲದಲ್ಲೇ ಹುಟ್ಟುತ್ತವೆ. ಆದರೆ ಇಲ್ಲಿ ಅವು ಕೆರೆಯಿಂದ ಕೆರೆಗೆ ಇಳಿಯುವ ನೀರಷ್ಟೇ. ಹಾಗಾಗಿ ಹಿಂದಿನವರು ಬಿದ್ದ ಮಳೆಯನ್ನು ಸಾಲು ಕೆರೆಗಳಲ್ಲಿ ಹಿಡಿದರು. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಅಂತಾರೆ. ಅದರಲ್ಲೂ ಬಯಲುಸೀಮೆಯ ಕೆರೆಗಳು ಬಹಳಷ್ಟು ಹೀಗೆ ಒಂದರ ಕೈ ಒಂದು ಹಿಡಿದುಕೊಂಡವು.

ಈಗ ಲೆಕ್ಕ ನೋಡೋಣ. ನಿಮ್ಮ ಕೆರೆಯ ಅಂಗಳ 100 ಎಕರೆ ಅಂದುಕೊಳ್ಳಿ. ಒಂದೂವರೆ ಅಡಿ ಕೋಡಿ ಎತ್ತರಿಸಿದರೆ ಹತ್ತಿರ ಹತ್ತಿರ ಹದಿನೆಂಟೂವರೆ ಕೋಟಿ ಲೀಟರ್ ನೀರು ನಿಮ್ಮಲ್ಲೇ ನಿಲ್ಲುತ್ತದೆ. ಇದು ಕೆಳಗಿನ ಊರಿಗೆ ಹೋಗುತ್ತಿದ್ದ ಮೊದಲ ನೀರು. ನಮ್ಮ ಕಡೆ ಕೆರೆ ಕೋಡಿ ಬೀಳುವುದೇ ಎಷ್ಟೋ ವರ್ಷಕ್ಕೊಮ್ಮೆ. ಅಂಥ ವರ್ಷದಲ್ಲೂ ಹಸ್ತ, ಚಿತ್ತೆ ಮಳೆಯಲ್ಲಿ ನಾಲ್ಕು ದಿನ ಹರಿದರೆ ಹರಿಯಿತು. ಆ ನಾಲ್ಕು ದಿನದ ಹರಿವನ್ನೇ ನಿಮ್ಮ ಕಾಂಕ್ರೀಟ್ ತಡೆದು ನಿಲ್ಲಿಸಿತು. ಕೆಳಗಿನವರು ಗಡಾರಿ ಹಿಡಿದು ಬಂದದ್ದು ತಪ್ಪೇ. ಆದರೆ ಅವರು ಬಂದದ್ದು ತಮ್ಮ ಪಾಲು ಕೇಳಲು.

ಇನ್ನೊಂದು ವಿಷಯ, ಇದನ್ನು ಗಟ್ಟಿಯಾಗಿ ಹೇಳಬೇಕು. ಕೋಡಿ ಮಾತ್ರ ಎತ್ತರಿಸಿ ಏರಿ, ಅಂದರೆ ಕೆರೆಯ ಮಣ್ಣಿನ ಕಟ್ಟೆ, ಎತ್ತರಿಸದಿದ್ದರೆ ನೀರಿಗೂ ಏರಿಯ ನೆತ್ತಿಗೂ ಇರಬೇಕಾದ ಅಂತರ ಕಡಿಮೆಯಾಗುತ್ತದೆ. ಒಂದು ದೊಡ್ಡ ಮಳೆಗೆ ನೀರು ಏರಿ ಮೇಲೆ ಹತ್ತಿದರೆ ಮಣ್ಣಿನ ಏರಿ ನಿಲ್ಲುವುದಿಲ್ಲ. ಆಗ ಮುಳುಗುವುದೂ ಅದೇ ಕೆಳಗಿನ ಊರು.

ಕೋಡಿಯ ಕಲ್ಲಿನ ಎತ್ತರ ಎರಡು ಊರುಗಳ ನಡುವೆ ಆಗಿರುವ ಮಾತು. ಯಾವ ಕಾಗದದಲ್ಲೂ ಇರಲಿಕ್ಕಿಲ್ಲ. ಕಲ್ಲಿನಲ್ಲಿದೆ. ನೀವು ಕಲ್ಲು ನೋಡಿದಿರಿ, ಮಾತು ಕಾಣಲಿಲ್ಲ. ಎಂಜಿನಿಯರ್ ಹೇಳಿದ 'ಸಂಸ್ಕೃತಿ' ಇದೇ ಅಂತ ನನಗನಿಸುತ್ತದೆ.

ಇದು ಹೊಸ ತಿಳಿವಳಿಕೆ ಏನಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ್ದು. ಅಲ್ಲಿನ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಹೇಳುತ್ತದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕವನ್ನೂ ಬರೆದಿದೆ. ಆ ಆರು ದೋಷ ನೋಡಿ: ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಇರುವುದು, ಅಂಗಳದ ನಡುವೆ ದಿಬ್ಬ, ನೀರು ಕಡಿಮೆ ನೆಲ ಜಾಸ್ತಿ, ನೆಲ ಕಡಿಮೆ ನೀರು ಜಾಸ್ತಿ. ಜಿನುಗು, ಚೌಳು, ದಿಬ್ಬ ಇವನ್ನು ಇವತ್ತಿನ ಎಂಜಿನಿಯರ್ ಕೂಡ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಗಡಿಯ ಮಾತನ್ನು ಬರೆದುಕೊಳ್ಳುವುದಿಲ್ಲ. ಎಷ್ಟು ಚೆನ್ನಾಗಿ ಏರಿ ಹಾಕಿದರೂ ಇಬ್ಬರು ಒಡೆಯರ ನಡುವೆ ಸಿಕ್ಕ ಕೆರೆ ಉಳಿಯುವುದಿಲ್ಲ ಅಂತ 650 ವರ್ಷದ ಹಿಂದೆಯೇ ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ. ಕಾವೇರಿ ನೀರಿನ ಜಗಳ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ನಿಮ್ಮ ಗೇಟ್ ಜಗಳ. ಇದರ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು.

ನಾನು ಕೆರೆ ದುರಸ್ತಿಯ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಳಬಾಗಿಲು ಕಡೆಯ ಒಂದು ಕೆರೆಯಲ್ಲಿ ನಾವೂ ಹಳೇ ತೂಬು ತೆಗೆಸಿದೆವು. ಎರಡು ಕಲ್ಲುಗಂಬ, ಅವುಗಳ ನಡುವೆ ಒಂದರ ಮೇಲೊಂದು ಮೂರು ಅಡ್ಡಗಲ್ಲು, ಬುಡದಲ್ಲಿ ಒಂದು ತೂತು. ತೂತಿಗೆ ಮರದ ಬೆಣೆ. ಬೆಣೆಗೆ ಕಟ್ಟಿದ ಉದ್ದನೆಯ ಗಳು ಅಡ್ಡಗಲ್ಲುಗಳ ತೂತಿನಿಂದ ಮೇಲೆ ಬರುತ್ತದೆ. ಅದನ್ನು ಎತ್ತಿದರೆ ನೀರು ಏರಿಯ ಕೆಳಗಿಂದ ಕಾಲುವೆಗೆ ಬೀಳುತ್ತದೆ. ನೀರು ಸೋರುತ್ತದೆ, ಹಳೇ ಕಾಲದ್ದು ಅಂತ ನಮ್ಮ ಅಭಿಪ್ರಾಯ. ಅಲ್ಲಿನ ನೀರಗಂಟಿ, ಅಂದರೆ ಕೆರೆ ನೀರು ಹಂಚುವವರು, ಎಪ್ಪತ್ತು ದಾಟಿದ ಅಜ್ಜ. ಕಲ್ಲು ಕೀಳುವ ದಿನ ಏರಿ ಮೇಲೆ ಕೂತು ನೋಡುತ್ತಿದ್ದರು. ಬೇಜಾರಾಗಿದ್ದಾರೆ ಅಂತ ಹೋಗಿ ಮಾತಾಡಿಸಿದೆ.

"ಇನ್ಮೇಲೆ ನೀರು ನೋಡೋದು ಹೆಂಗೆ ಸಾರ್?" ಅಂದರು. ನನಗೆ ಅರ್ಥವಾಗಲಿಲ್ಲ. ಆಗ ಅಡ್ಡಗಲ್ಲು ತೋರಿಸಿದರು. "ಮೂರು ಕಲ್ಲೂ ಮುಳುಗಿದ್ರೆ ಎಲ್ಲಾರ್ಗೂ ಭತ್ತ. ಎರಡೇ ಮುಳುಗಿದ್ರೆ ರಾಗಿ. ಒಂದೇ ಅಂದ್ರೆ ತೂಬು ಎತ್ತಂಗಿಲ್ಲ, ಅದು ದನಕರದ ನೀರು."

ನಾವು ಮುರಿದು ಹಾಕುತ್ತಿದ್ದದ್ದು ಇಡೀ ಊರು ಓದಬಲ್ಲ ಅಳತೆಗೋಲನ್ನು. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸೂ ಕುರಿ ಕಾಯುವ ಹುಡುಗನೂ ಅದನ್ನು ನೋಡಿ ಈ ವರ್ಷ ಏನು ಬೆಳೆ ಅಂತ ಹೇಳಬಲ್ಲವರಾಗಿದ್ದರು. ನಾವು ಇಟ್ಟ ಗೇಟಿಗೆ ಅಂಥ ಗುರುತೇ ಇರಲಿಲ್ಲ. ಒಂದು ಚಕ್ರ ಇತ್ತು. ಅದನ್ನು ಯಾರು ಯಾವಾಗ ತಿರುಗಿಸಬೇಕು ಅಂತ ಯಾರೂ ಮಾತಾಡಿರಲಿಲ್ಲ. ಎರಡು ವರ್ಷದಲ್ಲಿ ಚಕ್ರ ಗುಜರಿಗೆ ಹೋಯಿತು. ಗೇಟ್ ತುಕ್ಕು ಹಿಡಿದು ಅರ್ಧಕ್ಕೆ ನಿಂತಿತು. ಗೋಣಿಚೀಲ ತುರುಕಿ ನೀರು ನಿಲ್ಲಿಸುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನೀರಗಂಟಿಯ ಕೆಲಸ ಬರೀ ತೂಬು ಎತ್ತುವುದಲ್ಲ. ಆ ಅಜ್ಜನ ಜೊತೆ ಒಂದು ಬೆಳಗ್ಗೆ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಉಣ್ಣುವ ಗದ್ದೆಗಳಲ್ಲಿ, ಓಡಾಡಿದೆ. ಕಾಲುವೆಗೆ ಇಳಿದು ನಿಂತು, ನೀರು ಪಾದ ಮುಳುಗುವಷ್ಟು ಇದ್ದರೆ ಸಾಕು, ಗಿಣ್ಣು ದಾಟಿದರೆ ಕೆಳಗಿನ ಬದು ಒಡೆಯುತ್ತದೆ ಅಂದರು. ಕೊನೇ ಗದ್ದೆಗೆ ಮೊದಲು ನೀರು ಬಿಟ್ಟು, ಆಮೇಲೆ ಒಂದೊಂದೇ ಮೇಲಕ್ಕೆ ಬರುತ್ತಿದ್ದರು. ಯಾಕೆ ಅಂತ ಕೇಳಿದೆ. ತೂಬಿನ ಹತ್ತಿರದವನು ಹೇಗಾದರೂ ತಗೊಳ್ಳುತ್ತಾನೆ, ಕೊನೆಯವನಿಗೆ ಯಾರಾದರೂ ಕೊಡಬೇಕಲ್ಲ ಅಂದರು. ಅವರಿಗೆ ಸ್ವಂತಕ್ಕೆ ಆ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದಾಗ ಪ್ರತಿಯೊಬ್ಬರೂ ಬಳ್ಳದ ಲೆಕ್ಕದಲ್ಲಿ ಅವರ ಆಯ, ಅಂದರೆ ಕಾಳಿನ ಪಾಲು, ಕೊಡಬೇಕಿತ್ತು. ಕೊನೇ ಗದ್ದೆಯವನು ಬೆಳೆದರೇ ಅವರಿಗೂ ಕಾಳು. ನೀರು ಹಂಚುವವನಿಗೆ ಹಂಚಿಕೆಯಲ್ಲಿ ಸ್ವಂತ ಸ್ವಾರ್ಥ ಇರಬಾರದು, ಆದರೆ ಎಲ್ಲರ ಬೆಳೆಯಲ್ಲಿ ಇರಬೇಕು. ಈ ಏರ್ಪಾಡನ್ನು ಯೋಚಿಸಿದವರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಹಾಗಂತ ಎಲ್ಲ ಚಿನ್ನದಂತಿತ್ತು ಅಂತ ಹೇಳಲಾರೆ. ಕೋಲಾರ ಸೀಮೆಯ ಎಷ್ಟೋ ಊರುಗಳಲ್ಲಿ ನೀರಗಂಟಿ ದಲಿತ ಮನೆತನದವರು. ಊರಿಗೆಲ್ಲ ನೀರು ಹಂಚುವ ಆ ಕೈ ಮೇಲಿನ ಕೇರಿಯ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ಇದೇ ಅನ್ಯಾಯದ ಎದುರು. ನೀರಿನ ಸಂಸ್ಕೃತಿ ಅಂತ ಮಾತಾಡುವವರು ಈ ಬೊಗಸೆಯನ್ನು ಮರೆತರೆ ಅರ್ಧ ಸತ್ಯ ಹೇಳಿದಂತೆ. ಆದ್ದರಿಂದಲೇ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಸರಿಯಾದ ಕಾಯ್ದೆ. 1963ರಲ್ಲಿ ಜಾರಿಗೆ ಬಂತು. ಹುಟ್ಟಿನಿಂದ ಬರುವ ಚಾಕರಿ ಹೋಗಲೇಬೇಕಿತ್ತು. ಆದರೆ ಹುದ್ದೆ ಹೋದ ಮೇಲೆ ಆ ಕೆಲಸ ಯಾರು ಮಾಡಬೇಕು ಅಂತ ಯಾರೂ ಗಟ್ಟಿಯಾಗಿ ಕೂತು ಯೋಚಿಸಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯಿತಿ ಅಂತ ಕೆರೆ ಹಂಚಿಹೋಯಿತು. ಬೆಳಗಿನ ಜಾವ ಎದ್ದು ಕಾಲುವೆಗೆ ಇಳಿಯುವ ಪಾದ ಯಾರದ್ದೂ ಆಗಲಿಲ್ಲ. ಆಮೇಲೆ ಬೋರ್‌ವೆಲ್ ಬಂತು. ಬೋರ್ ಇದ್ದವನಿಗೆ ಕೆರೆ ಬೇಡವಾಯಿತು, ಕೆರೆಯ ಸಭೆಯೂ ಬೇಡವಾಯಿತು. ಈಗ ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಬರುವಾಗ ಮತ್ತೆ ಎಲ್ಲರಿಗೂ ಕೆರೆ ನೆನಪಾಗಿದೆ.

ಪೂಜೆ, ಹಬ್ಬದಿಂದ ಕೆರೆ ಉಳಿಯುತ್ತದೆಯೇ ಅಂತ ಕೇಳಿದ್ದೀರಿ. ಏರಿ ಮೇಲೆ ಗಂಗಮ್ಮನ ಗುಡಿ ಇರುವ ಊರುಗಳಲ್ಲಿ ನಾನು ಕಂಡದ್ದು ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಪೂಜೆ. ಅದಕ್ಕೆ ಒಂದು ವಾರ ಮೊದಲು ಗುಡಿಯ ದಾರಿ ಅಂತ ಏರಿ ಮೇಲಿನ ಪೊದೆ ಕಡಿಯುತ್ತಾರೆ. ಪೊದೆ ಕಡಿದಾಗ ಇಲಿ ಬಿಲ, ಏಡಿ ಬಿಲ, ಗೆದ್ದಲು ಹುತ್ತ ಕಾಣುತ್ತವೆ. ಅಲ್ಲೇ ಮಣ್ಣು ತುಂಬಿ ತುಳಿಯುತ್ತಾರೆ. ಮಣ್ಣಿನ ಏರಿ ಒಡೆಯುವುದು ಬಹಳ ಸಲ ಇಂಥ ಬಿಲದಿಂದಲೇ. ಕೆಲವರು ಇದನ್ನು ನೋಡಿ, ಹಿಂದಿನವರು ಜಾಣರು, ತಪಾಸಣೆಗೆ ದೇವರ ಹೆಸರು ಕೊಟ್ಟರು ಅಂತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಆ ಜನ ಗಂಗಮ್ಮನಿಗಾಗಿಯೇ ಬರುತ್ತಾರೆ. ಮಡಿಲಕ್ಕಿ ತಂದ ಹೆಂಗಸು ಏರಿ ತಪಾಸಣೆಗೆ ಬಂದಿಲ್ಲ, ತಾಯಿಗೆ ಕೊಡಲು ಬಂದಿದ್ದಾಳೆ. ತಪಾಸಣೆ ಅದರ ಜೊತೆಗೆ ಬರುತ್ತದೆ. ಗಂಗಮ್ಮನನ್ನು ತೆಗೆದು 'ಏರಿ ತಪಾಸಣಾ ದಿನ' ಅಂತ ಬ್ಯಾನರ್ ಕಟ್ಟಿ ನೋಡಿ, ಎಷ್ಟು ಜನ ಬರುತ್ತಾರೆ. ಹಾಗೆಯೇ ಪೊದೆ ಕಡಿಯದೆ, ಕಾಲುವೆ ಬಿಡಿಸದೆ, ಶಾಮಿಯಾನ ಹಾಕಿ ಬಾಗಿನ ಮಾತ್ರ ಬಿಟ್ಟರೆ ಅದರಿಂದ ಕೆರೆಗೆ ಒಂದು ಹನಿಯೂ ಬರುವುದಿಲ್ಲ.

ಪೂಜೆಗೂ ನೀರಿಗೂ ಇರುವ ನಂಟು ಕಳಚಿದರೆ ಏನಾಗುತ್ತದೆ ಅಂತ ಇಂಡೋನೇಷ್ಯಾದ ಬಾಲಿ ದ್ವೀಪ ತುಂಬಾ ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಭತ್ತದ ರೈತರು 'ಸುಬಕ್' ಎಂಬ ಕೂಟಗಳಲ್ಲಿದ್ದಾರೆ. ಯಾವ ಸುಬಕ್ ಯಾವಾಗ ನೀರು ಬಿಡಬೇಕು, ಯಾವಾಗ ಗದ್ದೆ ಖಾಲಿ ಇಡಬೇಕು ಅನ್ನುವುದು ನೀರಿನ ಗುಡಿಗಳಲ್ಲಿ, ಪೂಜೆಯ ದಿನಗಳ ಜೊತೆಗೇ ತೀರ್ಮಾನವಾಗುತ್ತಿತ್ತು. ಎಲ್ಲದರ ಮೇಲೆ ಬಾತೂರ್ ಸರೋವರದ ದೇವಿ ದಾನು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೊಸ ತಳಿ ಬಂತು. ಗುಡಿಯ ಪಂಚಾಂಗ ಬಿಡಿ, ಒಂದರ ಹಿಂದೆ ಒಂದು ಬೆಳೆ ಹಾಕಿ ಅಂತ ಸರ್ಕಾರ ಹೇಳಿತು. ಮೊದಲು ಇಳುವರಿ ಏರಿತು. ಆಮೇಲೆ ನೀರಿಗೆ ಪರದಾಟ, ಕಂದು ಜಿಗಿಹುಳುವಿನ ಹಾವಳಿ. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಕಂಪ್ಯೂಟರ್ ಮಾದರಿ ಮಾಡಿ ನೋಡಿದಾಗ ಕಾರಣ ಕಂಡಿತು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿ ಇದ್ದರೆ ಹುಳುವಿಗೆ ತಿನ್ನಲು ಏನೂ ಸಿಗದೆ ಸಾಯುತ್ತದೆ. ಆದರೆ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲುವುದಿಲ್ಲ. ಈ ಎರಡರ ನಡುವಿನ ಹದ ಗುಡಿಗಳ ಕೈಯಲ್ಲಿತ್ತು. 2012ರಲ್ಲಿ ಯುನೆಸ್ಕೋ ಸುಬಕ್ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾಲಿಯದನ್ನು ತಂದು ನಿಮ್ಮೂರಲ್ಲಿ ನೆಡಲಾಗುವುದಿಲ್ಲ. ಹಾಗೆ ನೋಡಿದರೆ ಪಕ್ಕದ ತಾಲ್ಲೂಕಿನದನ್ನೂ ತರಲಾಗುವುದಿಲ್ಲ. ಹಳೇ ಮಾತು ಎಲ್ಲ ಕಡೆ ನಡೆಯುವುದೂ ಇಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದು ಅಂತರ್ಜಲ ತುಂಬಿಸಲು ಮಾತ್ರ, ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ. ತೂಬಿನ ನೀರೇ ಹಕ್ಕು ಅಂದುಕೊಂಡು ಬಂದವರ ಕಣ್ಣ ಮುಂದೆ ತುಂಬಿದ ಕೆರೆ, ಮುಚ್ಚಿದ ತೂಬು. ಅಲ್ಲಿ ಹೊಸ ಮಾತು ಆಗಬೇಕು. ಆದರೆ ಹಳೇ ಮಾತು ಏನಿತ್ತು ಅಂತ ಗೊತ್ತಿಲ್ಲದವರಿಗೆ ಹೊಸದನ್ನು ಕಟ್ಟುವುದು ಕಷ್ಟ.

ಈಗ ನಿಮ್ಮ ಕೆರೆಗೆ ಬರೋಣ. ನನ್ನ ಸಲಹೆ ನಿಮಗೆ ಇಷ್ಟವಾಗದಿರಬಹುದು. ಕೋಡಿಯನ್ನು ಹಳೇ ಎತ್ತರಕ್ಕೆ ಇಳಿಸಿ. ಒಡೆದ ಭಾಗಕ್ಕೆ ಮತ್ತೆ ಸಿಮೆಂಟ್ ಹಾಕುವ ಮೊದಲು ನೀವು ನಾಲ್ಕು ಜನ ಕೆಳಗಿನ ಊರಿಗೆ ಹೋಗಿ. ನೋಟಿಸ್ ಕಳಿಸಬೇಡಿ, ಪೊಲೀಸರನ್ನು ಕರೆದುಕೊಂಡು ಹೋಗಬೇಡಿ. ಅವರ ಅರಳಿಕಟ್ಟೆ ಮೇಲೆ ಕೂತು, ತಪ್ಪಾಯಿತು, ಹಿಂದೆ ಎಲ್ಲಿಗಿತ್ತು ತೋರಿಸಿ ಅಂತ ಕೇಳಿ. ಹಿರಿಯರು ಗುರುತು ಹೇಳುತ್ತಾರೆ. ಯಾವುದೋ ಬಂಡೆ, ಯಾವುದೋ ಹುಣಸೆ ಮರದ ಬುಡ. ಆ ಮಟ್ಟವನ್ನು ಅಳೆಸಿ ಎರಡೂ ಪಂಚಾಯಿತಿಯ ನಡಾವಳಿಯಲ್ಲಿ ಬರೆಸಿ.

ನೀರು ಜಾಸ್ತಿ ಬೇಕಾದರೆ ಮೇಲಕ್ಕೆ ನೋಡಿ, ಕೆರೆಗೆ ನೀರು ತರುವ ರಾಜಕಾಲುವೆಯ ಕಡೆಗೆ. ನಿಮ್ಮ ಪತ್ರದಲ್ಲಿ ಅದರ ಮಾತೇ ಇಲ್ಲ. ಎಷ್ಟು ಕಡೆ ಹೊಲ ಮಾಡಿಕೊಂಡಿದ್ದಾರೆ, ಎಷ್ಟು ಕಡೆ ನೀಲಗಿರಿ ಇದೆ, ರಸ್ತೆ ಹಾಕುವಾಗ ಮೋರಿ ಎಲ್ಲಿ ಮುಚ್ಚಿದೆ, ಒಮ್ಮೆ ಪೂರ್ತಿ ನಡೆದು ನೋಡಿ. ಹೂಳಿನ ವಿಷಯವೂ ಹೀಗೆಯೇ. ತೂಬಿನ ಮಟ್ಟಕ್ಕಿಂತ ಕೆಳಗೆ ಜೆಸಿಬಿಯಲ್ಲಿ ಗುಂಡಿ ತೋಡಿದರೆ ಅಲ್ಲಿ ನಿಂತ ನೀರು ತೂಬಿನಿಂದ ಗದ್ದೆಗೆ ಬರುವುದಿಲ್ಲ. ಹಿಂದೆ ಬೇಸಿಗೆ ಬಂದರೆ ರೈತರು ಗಾಡಿ ಕಟ್ಟಿ ತಮ್ಮ ಹೊಲಕ್ಕೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತಿದ್ದರು. ಅಂಗಳದುದ್ದಕ್ಕೂ ಒಂದು ಪದರ ಹೋಗುತ್ತಿತ್ತು, ಗುಂಡಿ ಬೀಳುತ್ತಿರಲಿಲ್ಲ. ಈ ಬೇಸಿಗೆ ಟ್ರ್ಯಾಕ್ಟರ್ ಬಾಡಿಗೆಯ ಅರ್ಧವನ್ನು ಪಂಚಾಯಿತಿ ಕೊಟ್ಟರೂ ಗೋಡಿಗೆ ಜನ ಬರುತ್ತಾರೆ.

ಗೇಟಿನ ಪಕ್ಕ ಒಂದು ಕಲ್ಲು ನಿಲ್ಲಿಸಿ, ದೂರದಿಂದ ಕಾಣುವಂತೆ ಮೂರು ಗೆರೆ ಹೊಡೆಸಿ. ಯಾವ ಗೆರೆಗೆ ಯಾವ ಬೆಳೆ, ಯಾವ ಗೆರೆಯ ಕೆಳಗೆ ಗೇಟ್ ಮುಟ್ಟುವಂತಿಲ್ಲ ಅಂತ ಸಭೆ ತೀರ್ಮಾನ ಮಾಡಲಿ. ಆ ಸಭೆಗೆ ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರನ್ನು ಮಾತ್ರ ಕರೆಯಬೇಡಿ. ದನ ಕುಡಿಸುವವರು, ಬಟ್ಟೆ ಒಗೆಯುವ ಹೆಂಗಸರು, ಮೀನಿನ ಹರಾಜು ಹಿಡಿದವರು, ಕುರಿ ಇರುವವರು ಎಲ್ಲರೂ ಬರಲಿ. ಮೀನಿನವರಿಗೆ ನೀರು ನಿಲ್ಲಬೇಕು, ಗದ್ದೆಯವರಿಗೆ ಹರಿಯಬೇಕು. ನಿಮ್ಮೂರಿನ ಎರಡು ಗುಂಪಿನ ಬೇರು ಇಲ್ಲೇ ಇರಬಹುದು, ಕೇಳಿ ನೋಡಿ.

ನೀರಗಂಟಿ ಒಬ್ಬರನ್ನು ನೇಮಿಸಿ. ಹಳೇ ನೀರಗಂಟಿ ಮನೆಯಲ್ಲಿ ಕೆಲಸ ಗೊತ್ತಿರುವವರು ಇದ್ದರೆ ಗೌರವದಿಂದ ಕೇಳಿ, ಆದರೆ 'ನಿಮ್ಮ ಮನೆತನದ ಕೆಲಸ' ಅಂತ ಹೇರಬೇಡಿ. ಅವರ ಮಗ ಬೆಂಗಳೂರಿಗೆ ಹೋಗಿ ಬೇರೆ ಕೆಲಸ ಮಾಡಲು ಬಯಸಿದರೆ ಅದು ಅವನ ಹಕ್ಕು. ಕಲಿಯಲು ಮನಸ್ಸಿರುವ ಯಾರಾದರೂ ಆಗಬಹುದು, ಹೆಂಗಸೂ ಆಗಬಹುದು. ಸಂಬಳ ಎಷ್ಟು, ಯಾರು ಕೊಡುತ್ತಾರೆ ಅಂತ ಮೊದಲೇ ಬರೆದಿಡಿ. ಅಜ್ಜ ಯಾರಾದರೂ ಇನ್ನೂ ಇದ್ದರೆ ಹೊಸಬರನ್ನು ಒಂದು ಮಳೆಗಾಲ ಅವರ ಜೊತೆ ಓಡಾಡಿಸಿ. ಕಾಲುವೆಗೆ ಇಳಿದು ನಿಂತೇ ಕಲಿಯಬೇಕಾದ ವಿದ್ಯೆ ಅದು.

ಕೋಡಿ ಇಳಿಸುವ ದಿನ ಕೆಳಗಿನ ಊರಿನವರನ್ನು ಕರೆಯಿರಿ. ಮೊದಲ ಏಟು ಅವರಲ್ಲಿ ಒಬ್ಬರು ಹಾಕಲಿ, ಹಗಲು ಹೊತ್ತಿನಲ್ಲಿ. ಆ ದಿನವೇ ಗಂಗಮ್ಮನ ಪೂಜೆ ಇಟ್ಟುಕೊಳ್ಳಬೇಕು ಅನಿಸಿದರೆ ಇಟ್ಟುಕೊಳ್ಳಿ, ಪ್ರಸಾದಕ್ಕೆ ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ಕೂರಲಿ. ಉತ್ತರೆ ಮಳೆಗೆ ಮುಂಚೆ ಇದೆಲ್ಲ ಮುಗಿಯಬೇಕು. ಹಸ್ತ ಹುಟ್ಟಿದ ಮೇಲೆ ನಿಮಗೆ ಸಮಯ ಸಿಗುವುದಿಲ್ಲ.